ಮೊಲದ ಮರಿ ಕೇಜಿಂದ ಕೆಳಗೆ ಬೀಳದ ಹಾಗೆ ಮೆಶ್ ಕಟ್ಟೋದು ಹೇಗೆ

ನಮ್ಮನೇಲಿ ಮೊದಲನೇ ಸಲ ಮೊಲ ಮರಿ ಹಾಕಿದಾಗ 7 ಮರಿ ಇದ್ವು. ರಾತ್ರಿ ಟಾರ್ಚ್ ಹಾಕಿ ಎಣಿಸಿ ಖುಷಿಯಾಗಿ ಮಲಗಿದ್ದೆ, ಬೆಳಗ್ಗೆ ಹೋಗಿ ನೋಡಿದ್ರೆ ಮರಿ ಹಾಕೋಕೆ ಕೇಜ್ ಒಳಗೆ ಇಟ್ಟ ಪೆಟ್ಟಿಗೇಲಿ 4 ಮಾತ್ರ, ಇನ್ನು 3 ಕೆಳಗಡೆ ಹಿಕ್ಕೆ ರಾಶಿ ಮೇಲೆ ತಣ್ಣಗೆ ಬಿದ್ದಿದ್ವು. ಬೆಕ್ಕು ಬಂದಿಲ್ಲ, ಇಲಿ ಬಂದಿಲ್ಲ, ತಾಯಿ ಕಚ್ಚಿಲ್ಲ. ಕೇಜಿನ ಪಕ್ಕದ ಮೆಶ್ (ತಂತಿ ಬಲೆ) ಕಿಂಡಿ 1 ಇಂಚು ಅಗಲ 2 ಇಂಚು ಉದ್ದದ್ದು, ಅದರಲ್ಲೇ ಸಲೀಸಾಗಿ ನುಸುಳಿ ಹೊರಗೆ ಹೋಗಿ ಬಿದ್ದಿದ್ವು ಅಷ್ಟೆ. ಕೇಜ್ ಮಾರಿದವರು ಇದು ಮೊಲಕ್ಕೇ ಮಾಡಿರೋದು ಅಂತ ಹೇಳೇ ಕೊಟ್ಟಿದ್ರು, ದೊಡ್ಡ ಮೊಲಕ್ಕೆ ಅದು ಸರಿಯಾಗೇ ಇತ್ತು ಕೂಡ, ಆದ್ರೆ ಈಗ ತಾನೆ ಹುಟ್ಟಿದ ಮರಿ ನಮ್ಮ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅದಕ್ಕೆ ಆ ಕಿಂಡಿ ಅಂದ್ರೆ ತೆರೆದ ಬಾಗಿಲು.

ಆಮೇಲಿಂದ ನಾನು ಕೇಜಿನ ಪಕ್ಕಗಳ ಕೆಳಗಿನ 4 ಇಂಚಿಗೆ ಸಣ್ಣ ಕಿಂಡಿ ಮೆಶ್ ಪಟ್ಟಿ ಕಟ್ಟದೆ ಯಾವ ಹೆಣ್ಣು ಮೊಲಕ್ಕೂ ಮರಿ ಹಾಕಿಸಿಲ್ಲ. ಖರ್ಚು ತುಂಬಾ ಕಮ್ಮಿ, ಒಂದು ಮಧ್ಯಾಹ್ನದ ಕೆಲಸ. ಅದನ್ನ ಮಾಡೋದು ಹೇಗೆ ಅಂತ ನನಗೆ ಗೊತ್ತಿರೋ ಅಷ್ಟನ್ನೂ ಬರೀತಿದೀನಿ.

ಮರಿ ಪೆಟ್ಟಿಗೆ ಒಳಗಿಂದ ಹೊರಗೆ ಹೆಂಗೆ ಬರುತ್ತೆ

ಇದು ಗೊತ್ತಿದ್ರೆ ಮುಂದಿನ ಕೆಲಸ ಎಲ್ಲಾ ಯಾಕೆ ಅಂತ ತಾನಾಗೇ ಅರ್ಥ ಆಗುತ್ತೆ. ಮೊಲದ ಮರಿ ಹುಟ್ಟುವಾಗ ಮೈಮೇಲೆ ಕೂದಲು ಇರಲ್ಲ, ಕಣ್ಣು ಬಿಟ್ಟಿರಲ್ಲ, ಕಣ್ಣು ಬಿಡೋದು 10-12 ದಿನ ಆದ್ಮೇಲೆ. ಅಷ್ಟು ದಿನ ಮೈ ಬಿಸಿ ಉಳಿಸಿಕೊಳ್ಳೋಕೆ ಒಂದರ ಮೇಲೊಂದು ಗುಡ್ಡೆಯಾಗಿ ಮಲಗಿರ್ತವೆ, ಒಂಟಿಯಾಗಿ ಬಿಟ್ರೆ ಬೇಗ ತಣ್ಣಗಾಗ್ತವೆ. ಇನ್ನು ತಾಯಿ ಮೊಲ ನಾಯಿ ಬೆಕ್ಕಿನ ತರ ಮರಿ ಜೊತೆ ಮಲಗಲ್ಲ. ದಿನಕ್ಕೆ ಒಂದು ಸಲ, ಕೆಲವು ಎರಡು ಸಲ, ಜಾಸ್ತಿ ಅಂದ್ರೆ ರಾತ್ರಿ ಇಲ್ಲಾ ಬೆಳಗಿನ ಜಾವ ಪೆಟ್ಟಿಗೆ ಒಳಗೆ ಹಾರಿ, 3-4 ನಿಮಿಷ ಹಾಲು ಕೊಟ್ಟು, ತಟ್ ಅಂತ ಎದ್ದು ಹೊರಗೆ ಹಾರುತ್ತೆ. ಆಗ ಇನ್ನೂ ಹಾಲು ಸಿಗದೆ ಮೊಲೆತೊಟ್ಟು ಗಟ್ಟಿಯಾಗಿ ಕಚ್ಕೊಂಡಿರೋ ಮರಿ ಅದರ ಹೊಟ್ಟೆಗೆ ನೇತಾಡ್ಕೊಂಡೇ ಹೊರಗೆ ಬಂದುಬಿಡುತ್ತೆ, ಪಂಜರದ ನೆಲದ ಮೇಲೆ ಬೀಳುತ್ತೆ. ಬೆಕ್ಕಾದ್ರೆ ಮರಿನ ಬಾಯಲ್ಲಿ ಕಚ್ಕೊಂಡು ವಾಪಸ್ ತರುತ್ತೆ, ಮೊಲ ಹಾಗೆ ಎತ್ಕೊಂಡು ಬರಲ್ಲ. ಬಿದ್ದ ಮರಿ ಕಣ್ಣು ಕಾಣದೆ ಬಿಸಿ ಜಾಗ ಹುಡುಕ್ಕೊಂಡು ತೆವಳ್ತಾ ತೆವಳ್ತಾ ಕೇಜಿನ ಅಂಚಿಗೆ ಹೋಗುತ್ತೆ, ಅಲ್ಲಿ ದೊಡ್ಡ ಕಿಂಡಿ ಇದ್ರೆ ತಲೆ ಹಾಕುತ್ತೆ, ತಲೆ ಹೋದ್ರೆ ಮೈ ಹೋಯ್ತು.

ಅದಕ್ಕೇ ಅಪಾಯ ಇರೋದು ಕೆಳಗಿನ ನಾಲ್ಕು ಬೆರಳು ಜಾಗದಲ್ಲಿ, ಮರಿ ತೆವಳುತ್ತೆ ಹೊರತು ಹತ್ತಲ್ಲ.

ಮೊದಲು ದಿನ ಲೆಕ್ಕ

ಹೆಣ್ಣಿನ ಹತ್ರ ಗಂಡು ಮೊಲ ಬಿಟ್ಟ ದಿನ ಕ್ಯಾಲೆಂಡರಲ್ಲಿ ಬರೆದಿಡಿ, ಇದನ್ನ ಬರೀದೆ ಇರೋರೇ ಜಾಸ್ತಿ. ಮೊಲದ ಗಬ್ಬ 28 ರಿಂದ 32 ದಿನ, ಸಾಮಾನ್ಯವಾಗಿ 30-31ಕ್ಕೆ ಮರಿ ಹಾಕುತ್ತೆ. ಮೆಶ್ ಕೆಲಸ 20ನೇ ದಿನದ ಒಳಗೇ ಮುಗಿಸಿಬಿಡಿ, ಕೊನೇ ವಾರದಲ್ಲಿ ಕೇಜ್ ಬಡಿಯೋದು, ತಂತಿ ಎಳೆಯೋದು, ಪ್ಲೇಯರ್ ಸದ್ದು ಇವೆಲ್ಲ ಗಬ್ಬದ ಮೊಲಕ್ಕೆ ಒಳ್ಳೇದಲ್ಲ. ಕೆಲಸ ಮಾಡುವಾಗ ಮೊಲನ ಬೇರೆ ಕೇಜಿಗೆ ಹಾಕಿ. ಎತ್ತುವಾಗ ಕಿವಿ ಹಿಡಿದು ಎತ್ಬೇಡಿ, ಹೊಟ್ಟೆ ಕೆಳಗೆ ಕೈ ಕೊಟ್ಟು ಹಿಂಭಾಗ ಆನಿಸ್ಕೊಂಡು ಎತ್ತಿ.

ಅಂಗಡೀಲಿ ಏನು ಕೇಳ್ಬೇಕು

ಹಾರ್ಡ್‌ವೇರ್ ಅಂಗಡೀಲಿ ಮೊಲದ ಮೆಶ್ ಅಂದ್ರೆ ಚಿಕನ್ ಮೆಶ್ ಕೊಟ್ಟು ಕಳಿಸೋದೂ ಉಂಟು, ಆರು ಮೂಲೆ ಕಿಂಡಿ ಇರುತ್ತಲ್ಲ ಅದು. ತಗೋಬೇಡಿ. ಅದು ಮೆತ್ತಗಿರುತ್ತೆ, ಮೊಲ ಕಚ್ಚಿ ಕಿಂಡಿ ದೊಡ್ಡದು ಮಾಡುತ್ತೆ, ಮರಿ ಕಾಲು ಅದರಲ್ಲಿ ಸಿಕ್ಕಾಕೊಳ್ಳುತ್ತೆ. ಜಿಐ ವೆಲ್ಡ್ ಮೆಶ್ (ಸತು ಲೇಪ ಇರೋ, ಬೆಸುಗೆ ಹಾಕಿದ ತಂತಿ ಬಲೆ) ಅಂತಾನೇ ಕೇಳಿ, ಕಿಂಡಿ ಅರ್ಧ ಇಂಚು ಅಗಲ 1 ಇಂಚು ಉದ್ದ. ಅರ್ಧಕ್ಕೆ ಅರ್ಧ ಇಂಚಿಂದು ಮಾತ್ರ ಸಿಕ್ರೆ ಪಕ್ಕಕ್ಕೆ ಅದೂ ನಡೆಯುತ್ತೆ, ನೆಲಕ್ಕೆ ಬೇಡ, ಹಿಕ್ಕೆ ಅದರಲ್ಲಿ ಕಟ್ಕೊಳ್ಳುತ್ತೆ, ದಿನಾ ಬ್ರಶ್ ಹಾಕ್ತಾನೇ ಇರ್ಬೇಕಾಗುತ್ತೆ.

ಗೇಜ್, ಅಂದ್ರೆ ತಂತಿ ದಪ್ಪದ ನಂಬರ್, ಈ ವಿಷಯದಲ್ಲೇ ಎಲ್ಲರೂ ಕನ್ಫ್ಯೂಸ್ ಆಗೋದು, ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳ್ಳಗೆ. 14 ಗೇಜ್ ದಪ್ಪ, 16 ಅದಕ್ಕಿಂತ ತೆಳು. ನೆಲಕ್ಕೆ 14 ಆದ್ರೆ ಒಳ್ಳೇದು, ಜೋಲು ಬೀಳಲ್ಲ. ಪಕ್ಕದ ಪಟ್ಟಿಗೆ 16 ಸಾಕು. ತಗೊಳ್ಳೋ ಮುಂಚೆ ಹಳೇ ಲುಂಗಿ ಇಲ್ಲಾ ಹತ್ತಿ ಬಟ್ಟೆ ಒಂದು ಚೂರು ತಗೊಂಡು ಹೋಗಿ ಮೆಶ್ ಮೇಲೆ ಎಳೀರಿ, ಬಟ್ಟೆ ಸಿಕ್ಕಾಕೊಂಡ್ರೆ ಅಲ್ಲಿ ಮುಳ್ಳಿನ ತರ ಚೂಪು ಇದೆ ಅಂತ ಅರ್ಥ, ಆ ಚೂಪು ಕೂದಲಿಲ್ಲದ ಮರಿ ಮೈಗೆ ಬ್ಲೇಡ್ ಇದ್ದ ಹಾಗೆ.

ಕೇಜ್ ಅಳತೆ ಒಬ್ಬೊಬ್ಬರದು ಒಂದೊಂದು ತರ. ನಮ್ಮದು ನ್ಯೂಜಿಲೆಂಡ್ ವೈಟ್ ತಳಿ ಮೊಲ, ಕೇಜ್ 3 ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, ಹಾಗಾಗಿ ಆ ಲೆಕ್ಕದಲ್ಲೇ ಹೇಳ್ತೀನಿ. 3 ಅಡಿ ಅಗಲದ ರೋಲಲ್ಲಿ 3 ಅಡಿ ಉದ್ದ ಕಟ್ ಮಾಡಿಸಿದ್ರೆ 5 ಇಂಚು ಅಗಲದ 7 ಪಟ್ಟಿ ಬರುತ್ತೆ. ಒಂದು ಕೇಜಿಗೆ 4 ಪಟ್ಟಿ ಸಾಕು, ಉಳಿದ 3 ಎತ್ತಿಡಿ, ಬಾಗಿಲ ಹತ್ರ, ಫೀಡರ್ (ಮೇವಿನ ಡಬ್ಬಿ) ಹತ್ರ ಬೇಕಾಗುತ್ತೆ. ಇದರ ಜೊತೆ ಕಟ್ಟೋಕೆ ಬೈಂಡಿಂಗ್ ವೈರ್, ಅದೂ ಜಿಐದೇ, ಕಪ್ಪು ಬೈಂಡಿಂಗ್ ವೈರ್ ಮೊಲದ ಮೂತ್ರ ಬಿದ್ದು ಬೇಗ ತುಕ್ಕು ಹಿಡಿದು ಕಿತ್ತು ಬರುತ್ತೆ. ಪ್ಲಾಸ್ಟಿಕ್ ಕೇಬಲ್ ಟೈ ಬೇಡ, ಮೊಲ ಅದನ್ನ ಕಡಿದು ಹಾಕುತ್ತೆ. ಕಟಿಂಗ್ ಪ್ಲೇಯರ್ ಒಂದು, ಅರ ಒಂದು, ಕೈಗೆ ದಪ್ಪ ಗ್ಲೌಸ್.

ಪಟ್ಟಿ ಕಟ್ ಮಾಡಿ ಕಟ್ಟೋದು

ಕಟ್ ಮಾಡುವಾಗ ಕಿಂಡಿ ಮಧ್ಯಕ್ಕೆ ಪ್ಲೇಯರ್ ಇಡಬೇಡಿ. ಹಾಗೆ ಮಾಡಿದ್ರೆ ಪಟ್ಟಿ ಉದ್ದಕ್ಕೂ ಬಾಚಣಿಗೆ ಹಲ್ಲಿನ ತರ ತಂತಿ ತುದಿ ಎದ್ದು ನಿಲ್ಲುತ್ತೆ. ಉದ್ದ ತಂತಿಗೆ ಒತ್ತಿ ಹಿಡಿದು ಅದರ ಪಕ್ಕದಲ್ಲೇ ಕತ್ತರಿಸಿ, ಆಗ ಅಂಚಲ್ಲಿ ಪೂರ್ತಿ ಒಂದು ತಂತಿ ಉಳಿಯುತ್ತೆ, ಮುಟ್ಟಿದ್ರೆ ನೈಸಾಗಿರುತ್ತೆ. ಆಮೇಲೂ ಒಂದು ಸಲ ಅರ ಹಾಕಿ ಉಜ್ಜಿ, ಲುಂಗಿ ಬಟ್ಟೆ ಎಳೆದು ನೋಡಿ. ಬೇಜಾರು ಹಿಡಿಸೋ ಕೆಲಸ ನಿಜ, ಆದ್ರೂ ಬಿಡಬೇಡಿ.

ಪಟ್ಟಿ 5 ಇಂಚು ಇದೆಯಲ್ಲ, ಅದರಲ್ಲಿ 1 ಇಂಚು ಕೆಳಗೆ ಮಡಚಬೇಕು. ಹಲಗೆ ಅಂಚಿಗೆ ಇಟ್ಟು ಇನ್ನೊಂದು ಹಲಗೆ ಒತ್ತಿ ಬಗ್ಗಿಸಿದ್ರೆ ಎಲ್ ಆಕಾರ ನೀಟಾಗಿ ಬರುತ್ತೆ. ಈ 1 ಇಂಚು ಕೇಜಿನ ನೆಲದ ಅಡಿಗೆ ಹೋಗಬೇಕು, 4 ಇಂಚು ಪಕ್ಕದ ಮೆಶ್ ಹೊರಗಡೆಯಿಂದ ಮೇಲಕ್ಕೆ ನಿಲ್ಲಬೇಕು. ಯಾಕೆ ಹೀಗೆ ಅಂದ್ರೆ ನೆಲ ಮತ್ತೆ ಪಕ್ಕ ಸೇರೋ ಸಂದು ಇದೆಯಲ್ಲ, ಹಳೇ ಕೇಜಲ್ಲಿ ಅದು ಬಿಟ್ಕೊಂಡಿರುತ್ತೆ, ಬರೀ ಪಕ್ಕಕ್ಕೆ ಪಟ್ಟಿ ಕಟ್ಟಿ ಆ ಸಂದು ಹಾಗೇ ಬಿಟ್ರೆ ಮರಿ ಅಲ್ಲಿಂದ ಹೋಗುತ್ತೆ, ನನಗೆ ಎರಡನೇ ಸಲ ಆಗಿದ್ದು ಅದೇ. ಒಂದು ಮರಿ ಆ ಸಂದಲ್ಲಿ ಅರ್ಧ ಹೋಗಿ ಸಿಕ್ಕಾಕೊಂಡಿತ್ತು, ಪುಣ್ಯಕ್ಕೆ ಬೇಗ ನೋಡಿದ್ವಿ, ಬದುಕ್ತು.

ಎರಡೂವರೆ ಅಡಿ ಪಕ್ಕಗಳಿಗೆ ಮೊದಲು ಕಟ್ಟಿ. ಪಟ್ಟಿ 3 ಅಡಿ ಇರೋದ್ರಿಂದ ಎರಡೂ ಕಡೆ 3-3 ಇಂಚು ಉಳಿಯುತ್ತೆ, ಅದನ್ನ ಮೂಲೆ ಸುತ್ತಿ ಪಕ್ಕಕ್ಕೆ ಬಗ್ಗಿಸಿ (ಕೆಳಗಿನ ಮಡಿಕೆನ ಮೂಲೇಲಿ ಒಂಚೂರು ಕತ್ತರಿಸಿದ್ರೆ ಮಾತ್ರ ಬಗ್ಗುತ್ತೆ), ಆಮೇಲೆ ಉದ್ದದ ಪಟ್ಟಿ ಅದರ ಮೇಲೆ ಬರಲಿ. ಹೀಗೆ ಮಾಡಿದ್ರೆ ಮೂಲೇಲಿ ಸಂದೇ ಇರಲ್ಲ. ಮರಿ ಹೋಗಿ ಸೇರೋದು ಮೂಲೆಗೇ ಜಾಸ್ತಿ, ಹಾಗಾಗಿ ಮೂಲೆ ಗಟ್ಟಿ ಇರಲಿ. ಪ್ರತಿ 2-3 ಇಂಚಿಗೆ ಒಂದು ಕಡೆ ವೈರ್ ಕಟ್ಟಿ, ಮೇಲೂ ಕೆಳಗೂ, ತಿರುಚಿದ ತುದಿ ಕಡ್ಡಾಯವಾಗಿ ಹೊರಗಡೆಗೆ ಇರ್ಬೇಕು, ಒಳಗೆ ಒಂದೂ ಇರ್ಬಾರ್ದು. ಕಟ್ಟಿ ಮುಗಿದ ಮೇಲೆ ಒಳಗೆ ಕೈ ಹಾಕಿ ಅಂಗೈ ಹಿಂಭಾಗದಿಂದ ಸುತ್ತ ಸವರಿ, ಗೀರಿದ ಕಡೆ ಸರಿ ಮಾಡಿ.

ಬಾಗಿಲು ಕೆಲವು ಕೇಜಲ್ಲಿ ನೆಲದ ಮಟ್ಟಕ್ಕೇ ಇರುತ್ತೆ, ತೆಗೆದ ತಕ್ಷಣ ಮರಿ ಉರುಳಿ ಬರುತ್ತೆ. ಅಲ್ಲಿ ಪಟ್ಟಿನ ಹೊಸ್ತಿಲ ತರ ಬಾಗಿಲ ಒಳಗಡೆಗೆ ಕಟ್ಟಿ, ಬಾಗಿಲು ಅದರ ಹೊರಗೆ ಮುಚ್ಕೊಳ್ಳಲಿ. ಇಲ್ಲಿ ಮಾತ್ರ ಮೇಲಿನ ಅಂಚಿಗೆ ಒಂದು ಹಳೇ ನೀರಿನ ಪೈಪ್ ಉದ್ದಕ್ಕೆ ಸೀಳಿ ಹಾಕಿದ್ರೆ ನಿಮ್ಮ ಕೈಗೂ ಗೀರಲ್ಲ. ಆದ್ರೆ ಮೊಲ ಅದನ್ನ ಕಡಿಯೋಕೆ ಶುರು ಮಾಡಿದ್ರೆ ತೆಗೆದುಬಿಡಿ. ಫೀಡರ್ ಕೂರಿಸೋಕೆ ಕತ್ತರಿಸಿದ ಕಿಂಡಿ, ನೀರಿನ ನಿಪ್ಪಲ್ ಪೈಪ್ ಹೋಗೋ ತೂತು ಇವನ್ನೂ ನೋಡಿ, ಕಿರುಬೆರಳಿಗಿಂತ ದೊಡ್ಡ ಸಂದು ಯಾವುದಿದ್ರೂ ಮುಚ್ಚಿ.

ಒಂದರ ಪಕ್ಕ ಒಂದು ಕೇಜ್ ಇಟ್ಟು ಮಧ್ಯೆ ಒಂದೇ ಮೆಶ್ ಗೋಡೆ ಇದ್ರೆ ಅಲ್ಲಿ ಪಟ್ಟಿ ಸಾಕಾಗಲ್ಲ. ಪಕ್ಕದ ಮೊಲ ಕಿಂಡಿಯಿಂದ ಮರಿ ಕಾಲು ಕಿವಿ ಕಚ್ಚಿ ತುಂಡು ಮಾಡೋದುಂಟು. ಅಲ್ಲಿ ತಗಡು ಇಲ್ಲಾ ಹಲಗೆ ಅಡ್ಡ ಕೊಡಿ.

ಹೊಸದಾಗೇ ಕೇಜ್ ಮಾಡಿಸೋರಿಗೆ ಇದಕ್ಕಿಂತ ಸುಲಭ ದಾರಿ ಇದೆ. ನೆಲದ ಮೆಶ್ನೇ ದೊಡ್ಡದಾಗಿ ತಗೊಂಡು ನಾಲ್ಕೂ ಕಡೆ 4 ಇಂಚು ಮೇಲಕ್ಕೆ ಬಗ್ಗಿಸಿ, ತಟ್ಟೆ ತರ ಮಾಡಿಬಿಡಿ. 36 ಇಂಚು 30 ಇಂಚು ಕೇಜಿಗೆ 44 ಇಂಚು 38 ಇಂಚಿನ ತುಂಡು ಬೇಕು, 4 ಅಡಿ ರೋಲಲ್ಲಿ ಬರುತ್ತೆ. ನಾಲ್ಕು ಮೂಲೇಲಿ 4 ಇಂಚು ಚೌಕ ಕತ್ತರಿಸಿ ಬಗ್ಗಿಸಿ ಕಟ್ಟಿದ್ರೆ ಸಂದಿನ ತಲೆನೋವೇ ಇಲ್ಲ. ಬಗ್ಗಿಸೋ ಮುಂಚೆ ಮೆಶ್ ಯಾವ ಮಗ್ಗುಲು ಮೇಲೆ ಅಂತ ನೋಡ್ಕೊಳ್ಳಿ, ಅರ್ಧ ಇಂಚಿಗೊಂದು ಇರೋ ತಂತಿಗಳು ಮೇಲ್ಗಡೆ, 1 ಇಂಚಿಗೊಂದು ಇರೋವು ಕೆಳಗಡೆ ಬರಬೇಕು. ಒತ್ತೊತ್ತಾಗಿ ತಂತಿ ಮೇಲಿದ್ರೆ ಕಾಲಿಗೆ ಹಿತ, ತಾಯಿ ಹಿಂಗಾಲು ಹುಣ್ಣಾಗೋದೂ ಕಮ್ಮಿ.

ಪೆಟ್ಟಿಗೆ

ಮೆಶ್ ಪಟ್ಟಿ ಮರಿ ಕೆಳಗೆ ಬೀಳೋದನ್ನ ತಡೆಯುತ್ತೆ ಅಷ್ಟೆ, ತಣ್ಣಗಾಗೋದನ್ನ ತಡೆಯಲ್ಲ. ಅದಕ್ಕೆ ನೆಸ್ಟ್ ಬಾಕ್ಸ್, ಅಂದ್ರೆ ಮರಿ ಹಾಕೋ ಪೆಟ್ಟಿಗೆ, ಸರಿ ಇರ್ಬೇಕು. 18 ಇಂಚು ಉದ್ದ, 12 ಇಂಚು ಅಗಲ ಸಾಕು, ತಾಯಿ ಒಳಗೆ ಹೋಗಿ ತಿರುಗೋ ಅಷ್ಟು ಜಾಗ. ತುಂಬಾ ದೊಡ್ಡದು ಮಾಡಿದ್ರೆ ಅಲ್ಲೇ ಮಲಗುತ್ತೆ, ಅಲ್ಲೇ ಹಿಕ್ಕೆ ಹಾಕುತ್ತೆ, ಮರಿನೂ ದಿಕ್ಕಿಗೊಂದು ಆಗ್ತವೆ. ಮುಂದಿನ ಹೊಸ್ತಿಲು 6 ಇಂಚು ಎತ್ತರ ಇರ್ಲಿ. ನೇತಾಡ್ಕೊಂಡು ಬರೋ ಮರಿ ಆ ಅಂಚಿಗೆ ತಾಗಿ ಒಳಗೇ ಬೀಳೋ ಸಾಧ್ಯತೆ ಜಾಸ್ತಿ, ಅದಕ್ಕೆ ಅಂಚನ್ನ ಉಜ್ಜಿ ಗುಂಡಗೆ ಮಾಡಿ, ಮೊಳೆ ತಲೆ ಎದ್ದಿರಬಾರ್ದು. ಅಡಿಗೆ ಪ್ಲೈವುಡ್ ಹಾಕಿ 5-6 ಸಣ್ಣ ತೂತು ಕೊರೀರಿ, ಮೂತ್ರ ಇಳಿದು ಹೋಗ್ಲಿ.

ಒಳಗೆ ಮೊದಲು ಬಡಗಿ ಹತ್ರ ಸಿಗೋ ಮರದ ಹೆರೆ ಎರಡು ಬೆರಳು ದಪ್ಪ, ನುಣ್ಣನೆ ಹೊಟ್ಟು ಬೇಡ, ಮರಿ ಮೂಗಿಗೆ ಹೋಗುತ್ತೆ. ಅದರ ಮೇಲೆ ಒಣಗಿದ ಮೆತ್ತನೆ ಹುಲ್ಲು ತುಂಬಾ ತುಂಬಿ, ಹಿಂದಿನ ಮೂಲೇಲಿ ಮುಷ್ಟಿ ಒತ್ತಿ ಒಂದು ಗುಳಿ ಮಾಡಿ. ಹತ್ತಿ, ದಾರ, ಹರಿದ ಸೀರೆ ಬಟ್ಟೆ, ತೆಂಗಿನ ನಾರು ಯಾವುದೂ ಬೇಡ, ಎಳೆ ಮರಿ ಕಾಲಿಗೆ ಕತ್ತಿಗೆ ಸುತ್ಕೊಳ್ಳುತ್ತೆ. ಬೆಚ್ಚಗಿರಲಿ ಅಂತ ಪ್ರೀತಿಯಿಂದ ಹತ್ತಿ ಹಾಕೋರು ತುಂಬಾ ಜನ, ದಯವಿಟ್ಟು ಹಾಕ್ಬೇಡಿ, ತಾಯಿ ತನ್ನ ಹೊಟ್ಟೆ ತುಪ್ಪಳ ಕಿತ್ತು ತಾನೇ ಹಾಸುತ್ತೆ, ಅದಕ್ಕಿಂತ ಬೆಚ್ಚಗಿರೋದು ಬೇರೆ ಇಲ್ಲ.

ಪೆಟ್ಟಿಗೆನ 27 ಇಲ್ಲಾ 28ನೇ ದಿನ ಇಡಿ, ಅದಕ್ಕೂ ಮುಂಚೆ ಇಟ್ರೆ ಅದನ್ನ ಕಕ್ಕಸ್ಸು ಮಾಡ್ಕೊಳ್ಳುತ್ತೆ. ಮೊಲ ಯಾವ ಮೂಲೇಲಿ ಮೂತ್ರ ಮಾಡುತ್ತೆ ಅಂತ ನೋಡ್ಕೊಂಡು ಅದರ ಎದುರು ಮೂಲೇಲಿ ಇಡಿ, ಅಲುಗಾಡದ ಹಾಗೆ ಮೆಶ್‌ಗೆ ಕಟ್ಟಿ. ಪೆಟ್ಟಿಗೆ ಮುಂದಿನ ನೆಲದ ಮೇಲೆ ಒಂದು ಹಲಗೆ ಹಾಕಿ ಹುಲ್ಲು ಹರಡಿ, ಮೊದಲ ಒಂದು ವಾರಕ್ಕೆ ಮಾತ್ರ. ಮರಿ ಹೊರಗೆ ಬಿದ್ರೂ ಬರೀ ತಂತಿ ಮೇಲೆ ಕೆಳಗಿಂದ ಗಾಳಿ ಹೊಡೆಸಿಕೊಂಡು ಬಿದ್ದಿರೋದಕ್ಕಿಂತ ಹುಲ್ಲಿನ ಮೇಲೆ ಬಿದ್ರೆ ನಿಮಗೆ ಒಂದೆರಡು ಗಂಟೆ ಟೈಮ್ ಸಿಗುತ್ತೆ. ಹಲಗೆ ದಿನಾ ತೊಳೀಬೇಕು.

ಜಾಗ ಇರೋರು ಪೆಟ್ಟಿಗೆನ ನೆಲದಿಂದ ಕೆಳಗೆ ಇಳಿಬಿಡಬಹುದು, ಅಂದ್ರೆ ನೆಲದ ಮೆಶ್ ಕತ್ತರಿಸಿ ಪೆಟ್ಟಿಗೆ ಬಾಯಿ ಕೇಜಿನ ನೆಲಕ್ಕೆ ಸಮ ಬರೋ ಹಾಗೆ ಕೂರಿಸೋದು. ಹೊರಗೆ ಬಂದ ಮರಿ ತೆವಳ್ತಾ ತಾನೇ ವಾಪಸ್ ಗುಳಿಗೆ ಉರುಳುತ್ತೆ. ನನಗೆ ತುಂಬಾ ಇಷ್ಟವಾದ ಪದ್ಧತಿ, ಆದ್ರೆ ಎಲ್ಲಾ ಕೇಜಿಗೂ ಆಗಲ್ಲ, ಕತ್ತರಿಸಿದ ಬಾಯಿ ಸುತ್ತ ಮರದ ರೀಪು ಹೊಡೆದು ತಂತಿ ತುದಿ ಮುಚ್ಚಲೇಬೇಕು.

ಇರುವೆ, ಇಲಿ

ನಮ್ಮ ಕಡೆ ಮರಿಗೆ ಮೆಶ್ ಆದ್ಮೇಲೆ ದೊಡ್ಡ ಶತ್ರು ಕೆಂಪಿರುವೆ. ಮರಿ ಹಾಕಿದ ರಕ್ತದ ವಾಸನೆಗೆ ರಾತ್ರೋರಾತ್ರಿ ಸಾಲುಗಟ್ಟಿ ಬಂದುಬಿಡ್ತವೆ, ಕಣ್ಣು ಬಿಡದ ಮರಿ ಏನು ಮಾಡೋಕಾಗುತ್ತೆ ಪಾಪ. ಕೇಜಿನ ನಾಲ್ಕು ಕಾಲಿಗೂ ಡಬ್ಬಿ ಇಟ್ಟು ನೀರು ಹಾಕಿ ಮೇಲೆ ಸ್ವಲ್ಪ ಹಳೇ ಇಂಜಿನ್ ಆಯಿಲ್ ಬಿಡಿ. ಕೇಜ್ ಗೋಡೆಗೆ ತಾಗಿರಬಾರ್ದು, ಹುಲ್ಲಿನ ಕಡ್ಡಿ, ವೈರ್, ನೀರಿನ ಪೈಪ್ ಒಂದೇ ಒಂದು ಗೋಡೆಗೆ ತಾಗಿದ್ರೂ ಇರುವೆಗೆ ಅದೇ ಸೇತುವೆ. ಇರುವೆ ಪೌಡರ್ ಪೆಟ್ಟಿಗೆ ಹತ್ರ ಹಾಕ್ಬೇಡಿ. ಮರಿ ಹಾಕಿದ ದಿನವೇ ರಕ್ತ ಆದ ಹುಲ್ಲು, ಸತ್ತ ಮರಿ ಇದ್ರೆ ಅದನ್ನೂ ತೆಗೆದುಬಿಡಿ.

ಹೆಗ್ಗಣ ಅರ್ಧ ಇಂಚಿನ ಮೆಶ್ ಒಳಗೆ ಬರಲ್ಲ, ಆದ್ರೆ ಪಟ್ಟಿ ಮೇಲಿನ 1 ಇಂಚು 2 ಇಂಚಿನ ಕಿಂಡೀಲಿ ಇಲಿ ಬರುತ್ತೆ, ಕೇರೆ ಹಾವೂ ಬರಬಹುದು, ಬೆಕ್ಕು ಕೈ ಹಾಕುತ್ತೆ. ತೋಟದ ಮನೆ, ಶೆಡ್ ತೆರೆದಿದ್ರೆ ಮರಿ ಇರೋ ಕೇಜಿಗೆ ಪೂರ್ತಿ ಅರ್ಧ ಇಂಚಿನ ಮೆಶ್ ಹಾಕಿಸೋದು ವಾಸಿ. ಕೆಳಗಿನ ಹಿಕ್ಕೆ ರಾಶಿನೂ ಆಗಾಗ ಎತ್ತಿ, ಅದರಲ್ಲಿ ಬಿದ್ದ ಫೀಡಿಗೇ ಇಲಿ ಬರೋದು.

ಮರಿ ಹಾಕಿದ ಮೇಲೆ

ದಿನಾ ಬೆಳಗ್ಗೆ ಎಣಿಸಿ. ಮನುಷ್ಯರು ಮುಟ್ಟಿದ್ರೆ ತಾಯಿ ಮರಿ ಬಿಟ್ಟುಬಿಡುತ್ತೆ ಅಂತ ಹೇಳ್ತಾರಲ್ಲ, ಸಾಕಿದ ಮೊಲ ನಿಮ್ಮ ಕೈ ವಾಸನೆ ಅಭ್ಯಾಸ ಆಗಿರೋದು ಹಾಗೆ ಮಾಡಲ್ಲ. ಭಯ ಇದ್ರೆ ಕೈಗೆ ಪೆಟ್ಟಿಗೆ ಹುಲ್ಲು ಉಜ್ಜಿಕೊಳ್ಳಿ, ತಾಯಿಗೆ ಒಂದು ಹಿಡಿ ಸೊಪ್ಪು ಕೊಟ್ಟು ಆಮೇಲೆ ನೋಡಿ. ಹೊಟ್ಟೆ ಗುಂಡಗೆ ಬಿಗಿಯಾಗಿದ್ರೆ ಹಾಲು ಕುಡಿದಿದೆ, ಚರ್ಮ ಸುಕ್ಕಾಗಿ ಒಳಗೆ ಹೋಗಿದ್ರೆ ಕುಡಿದಿಲ್ಲ.

ಹೊರಗೆ ಬಿದ್ದ ಮರಿ ತಣ್ಣಗೆ ಕಲ್ಲಾಗಿದ್ರೂ ತಕ್ಷಣ ಸತ್ತಿದೆ ಅಂತ ಎಸೀಬೇಡಿ. ಇದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಅಂಗೈಲಿ ಮುಚ್ಚಿ ಹಿಡಿದು ಮೈಗೆ ಒತ್ತಿಕೊಳ್ಳಿ, ಬಾಟಲಿಗೆ ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ನೀರು ತುಂಬಿ ಬಟ್ಟೆ ಸುತ್ತಿ ಪಕ್ಕಕ್ಕೆ ಇಡಿ, ನಿಧಾನಕ್ಕೆ ಬಿಸಿ ಆಗ್ಲಿ. ಅರ್ಧ ಗಂಟೆ ಆದ್ಮೇಲೆ ಬಾಯಿ ಆಡಿಸಿದ್ದು, ಕಾಲು ಎಳೆದಿದ್ದು ನಾನೇ ನೋಡಿದೀನಿ. ತಣ್ಣಗಿರೋ ಮರಿ ಬಾಯಿಗೆ ಹಾಲು ಹುಯ್ಬೇಡಿ, ಮೊದಲು ಮೈ ಬಿಸಿ ಆಗ್ಬೇಕು, ಆಮೇಲೆ ಗುಂಪಿನ ಮಧ್ಯಕ್ಕೆ ಸೇರಿಸಿ ತುಪ್ಪಳ ಮುಚ್ಚಿ. ಪೆಟ್ಟಿಗೆ ಮೇಲೆ ಬಲ್ಬ್ ನೇತು ಹಾಕೋದು ನನಗೆ ಇಷ್ಟ ಇಲ್ಲ, ಒಣ ಹುಲ್ಲು ತುಪ್ಪಳ ಎಲ್ಲಾ ಬೆಂಕಿ ಹತ್ತೋ ಸಾಮಾನು.

ಮೊದಲ ಸಲ ಮರಿ ಹಾಕೋ ಮೊಲ ಪೆಟ್ಟಿಗೆ ಬಿಟ್ಟು ತಂತಿ ಮೇಲೇ ಹಾಕೋದೂ ಇದೆ. ಪಟ್ಟಿ ಕಟ್ಟಿದ್ದಕ್ಕೆ ಬೆಲೆ ಗೊತ್ತಾಗೋದು ಅವತ್ತೇ, ಮರಿ ಎಲ್ಲಾ ಕೇಜ್ ಒಳಗೇ ಸಿಗ್ತವೆ. ಎತ್ತಿ ಬಿಸಿ ಮಾಡಿ ಪೆಟ್ಟಿಗೆಗೆ ಹಾಕಿ, ತಾಯಿ ಹೊಟ್ಟೇಲಿ ಸಡಿಲ ಆಗಿರೋ ತುಪ್ಪಳ ಮೆಲ್ಲಗೆ ಕಿತ್ತು ಮೇಲೆ ಹೊದಿಸಿ. ಅದೇ ವಯಸ್ಸಿನ ಮರಿ ಇರೋ ಇನ್ನೊಂದು ತಾಯಿ ಇದ್ರೆ ಹೆಚ್ಚಾದ ಮರಿನ ಅದಕ್ಕೆ ಸೇರಿಸಬಹುದು.

ಬೇಸಿಗೇಲಿ ಲೆಕ್ಕ ಉಲ್ಟಾ. ಬಳ್ಳಾರಿ ರಾಯಚೂರು ಕಡೆ ಏಪ್ರಿಲ್ ಮೇನಲ್ಲಿ ಮರಿ ಹೊರಗೆ ಬರೋದು ಚಳಿಗಲ್ಲ, ಸೆಕೆಗೆ. ಮರಿ ಒಂದಕ್ಕೊಂದು ದೂರ ಚದುರಿ ಮಲಗಿದ್ರೆ ತುಪ್ಪಳ ಸ್ವಲ್ಪ ತೆಗೆದಿಡಿ, ಶೆಡ್ ಸುತ್ತ ಒದ್ದೆ ಗೋಣಿಚೀಲ ಕಟ್ಟಿ, ಎಸೀಬೇಡಿ ಆ ತುಪ್ಪಳನ, ಮಳೆ ಬಂದ ರಾತ್ರಿ ವಾಪಸ್ ಬೇಕಾಗುತ್ತೆ. ಮಲೆನಾಡಿನ ಮಳೆಗಾಲಕ್ಕೆ ಇದು ಯಾವುದೂ ಬೇಡ, ಅಲ್ಲಿ ಹುಲ್ಲು ಒಣಗಿರೋ ಹಾಗೆ ನೋಡ್ಕೊಳ್ಳೋದೇ ದೊಡ್ಡ ಕೆಲಸ. ದೀಪಾವಳಿ ಟೈಮಲ್ಲಿ ಮರಿ ಬರೋ ಹಾಗೆ ಗಂಡು ಬಿಡದೆ ಇದ್ರೆ ಒಳ್ಳೇದು, ಪಟಾಕಿ ಸದ್ದಿಗೆ ತಾಯಿ ಬೆದರಿ ಪೆಟ್ಟಿಗೆ ಒಳಗೆ ಹಾರಿ ಮರಿ ತುಳಿದುಬಿಡುತ್ತೆ.

15 ದಿನ ದಾಟಿದ ಮೇಲೆ ಮರಿ ತಾವಾಗೇ ಹೊರಗೆ ಬರೋಕೆ ಶುರು ಮಾಡ್ತವೆ. ಆಗ ಪೆಟ್ಟಿಗೆ ಮುಂದೆ ಒಂದು ಇಟ್ಟಿಗೆ ಇಡಿ, ವಾಪಸ್ ಹತ್ತೋಕೆ. 3 ವಾರಕ್ಕೆ ಪೆಟ್ಟಿಗೆ ತೆಗೆದು ಬಿಸಿಲಿಗೆ ಒಣಗಿಸಿ, ಮೆಶ್ ಪಟ್ಟಿ ಮಾತ್ರ ಹಾಗೇ ಇರಲಿ, ಬಿಚ್ಚೋ ಅಗತ್ಯ ಇಲ್ಲ. ಮುಂದಿನ ಸಲ ಗಂಡು ಬಿಡೋ ಮುಂಚೆ ಕಟ್ಟಿದ ವೈರ್ ಒಂದೊಂದೇ ಎಳೆದು ನೋಡಿ, ಮೂತ್ರ ಬೀಳೋ ಮೂಲೇಲಿ ವೆಲ್ಡಿಂಗ್ ಬಿಟ್ಟಿದ್ರೆ, ತುಕ್ಕು ಹಿಡಿದು ತಂತಿ ತುಂಡಾಗಿದ್ರೆ, ಎತ್ತಿಟ್ಟ 3 ಪಟ್ಟಿ ಇದೆಯಲ್ಲ, ಅದರಲ್ಲೇ ಒಂದು ತುಂಡು ಕತ್ತರಿಸಿ ಅಲ್ಲಿಗೆ ಹೊಲಿದುಬಿಡಿ.